ಫಾರ್ಮ್‌ನಲ್ಲಿ ಅಂಕ ಜಾಸ್ತಿ ಬಂದರೆ ಎಡಿಎಚ್‌ಡಿ ಅಂತಾನಾ?

ಮಕ್ಕಳ ಮನಸ್ಸು: ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ಮಕ್ಕಳ ವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮಗು ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆ ಮತ್ತು ದುಡುಕಿನ ತೊಂದರೆ) ಇರಬಹುದಾ? ಬರೆದವರೆಲ್ಲ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು. ಆದರೆ ಮನೆಯ ಭಾಷೆ ಬೇರೆ, ದುಡಿಮೆ ಬೇರೆ, ಮಕ್ಕಳ ಸ್ಥಿತಿಯೂ ಬೇರೆ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಬರೆಯಲು ನನಗೆ ಮನಸ್ಸಾಗಲಿಲ್ಲ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಐದು ವರ್ಷ ಏಳು ತಿಂಗಳು. ಇಂಗ್ಲಿಷ್ ಮೀಡಿಯಂನಲ್ಲಿ ಒಂದನೇ ಕ್ಲಾಸು. ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಕ್ಲಾಸ್ ಮಿಸ್ಸು ಒಂದು ಫಾರ್ಮ್ ತುಂಬಿ ಕಳಿಸಿದ್ದಾರೆ. ಅಂಕ ಜಾಸ್ತಿ ಬಂದಿದೆಯಂತೆ. ಎಡಿಎಚ್‌ಡಿ ಇದೆ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ, ಇಲ್ಲಾಂದ್ರೆ ಟಿಸಿ ತಗೊಳ್ಳಿ ಅನ್ನುತ್ತಿದ್ದಾರೆ. ನಮ್ಮ ಮನೆಯವರು ಜೀನ್ಸ್ ಯೂನಿಟ್‌ನಲ್ಲಿ ಟೇಲರ್. ಹುಡುಗರು ಅಂದ್ಮೇಲೆ ತುಂಟತನ ಇದ್ದೇ ಇರುತ್ತೆ, ಸುಮ್ನಿರು ಅನ್ನುತ್ತಾರೆ. ಯಾರ ಮಾತು ಕೇಳಲಿ?
ಒಬ್ಬ ತಾಯಿ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ತಾಯಿ, ಮೊದಲು ಟಿಸಿ ವಿಷಯ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲೆಗೆ ಸೇರಿದ ಮಗುವನ್ನು ಎಂಟನೇ ತರಗತಿ ಮುಗಿಯುವವರೆಗೆ ಹೊರಗೆ ಹಾಕುವಂತಿಲ್ಲ ಎನ್ನುತ್ತದೆ. ಇದನ್ನು ಹೆಡ್‌ಮಿಸ್ಟ್ರೆಸ್ ಹತ್ತಿರ ಸಮಾಧಾನವಾಗಿ ಹೇಳಿ. ಕೇಳದಿದ್ದರೆ ಬಿಇಒ ಕಚೇರಿಗೆ ಬರೆದು ಕೊಡಿ.

ಇನ್ನು ಫಾರ್ಮ್. ಮಗುವನ್ನು ಪೂರ್ತಿ ಪರೀಕ್ಷೆಗೆ ಕಳಿಸಬೇಕಾ ಅಂತ ತಿಳಿಯಲು ಇರುವ ಕಾಗದ ಅದು. ಅದರ ಮೇಲಿನ ಅಂಕ ನೋಡಿ ಯಾವ ಡಾಕ್ಟರೂ ಎಡಿಎಚ್‌ಡಿ ಅಂತ ಬರೆದುಕೊಡಬಾರದು. ನಿಮ್ಮ ಮಗನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಹೆಚ್ಚಾಗಿ ಬಳಸುವ ವ್ಯಾಂಡರ್‌ಬಿಲ್ಟ್ ಫಾರ್ಮ್ 6ರಿಂದ 12 ವರ್ಷದವರಿಗೆ. ನಮ್ಮ ದೇಶದಲ್ಲೇ ತಯಾರಿಸಿ, ನಮ್ಮ ಮಕ್ಕಳ ಮೇಲೆ ಒರೆಹಚ್ಚಿ ನೋಡಿದ ಇಂಕ್ಲೆನ್ ಪ್ರಶ್ನಾವಳಿ 6ರಿಂದ 9 ವರ್ಷದವರಿಗೆ. ನಿಮ್ಮ ಮಗನಿಗೆ ಇನ್ನೂ ಆರು ತುಂಬಿಲ್ಲ. ಮಿಸ್ಸು ತುಂಬಿದ್ದು ಯಾವ ಫಾರ್ಮ್, ಅದು ಯಾವ ವಯಸ್ಸಿನವರಿಗೆ ಅಂತ ಕೇಳಿ.

ವಯಸ್ಸನ್ನು ನಾನು ಸುಮ್ಮನೆ ಎತ್ತುತ್ತಿಲ್ಲ. ಒಂದೇ ಕ್ಲಾಸಿನಲ್ಲಿ ಆರೂವರೆ ವರ್ಷದವನೂ ನಿಮ್ಮ ಮಗನೂ ಪಕ್ಕ ಪಕ್ಕ ಕೂತಿರುತ್ತಾರೆ. ಆ ವಯಸ್ಸಿಗೆ ಹನ್ನೊಂದು ತಿಂಗಳು ಅಂದರೆ ದೊಡ್ಡ ಅಂತರ. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕ ಮಕ್ಕಳಿಗೇ ಎಡಿಎಚ್‌ಡಿ ಹಣೆಪಟ್ಟಿ ಜಾಸ್ತಿ ಬೀಳುತ್ತದೆ ಅಂತ ಕೆನಡಾ, ತೈವಾನ್ ಸೇರಿ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ನಮ್ಮ ಕಡೆ ಇದು ಇನ್ನೂ ಕಷ್ಟ. ಎಷ್ಟೋ ಮಕ್ಕಳ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತಲೇ ಇರುತ್ತದೆ, ಹುಟ್ಟಿದ್ದು ಯಾವಾಗಲೋ. ಅದಕ್ಕೇ ನಾನು ತಾಯಿ ಕಾರ್ಡ್ ಕೇಳುತ್ತೇನೆ. ಅದೂ ಇಲ್ಲದಿದ್ದರೆ, ರಂಜಾನ್ ಮೊದಲೋ ಆಮೇಲೋ, ಮಳೆಗಾಲವೋ ಬೇಸಿಗೆಯೋ ಅಂತ ಅಜ್ಜಿಯನ್ನು ಕೇಳುತ್ತೇನೆ.

ಎಡಿಎಚ್‌ಡಿ ಅನ್ನಲು ಏನೇನು ಬೇಕು? ಗಮನ ನಿಲ್ಲದಿರುವುದರ ಒಂಬತ್ತು ಲಕ್ಷಣ, ಅತಿ ಚಟುವಟಿಕೆ ಮತ್ತು ದುಡುಕಿನ ಒಂಬತ್ತು ಲಕ್ಷಣ ಅಂತ ಎರಡು ಪಟ್ಟಿ ಇವೆ. ಮಕ್ಕಳಲ್ಲಿ ಯಾವುದಾದರೂ ಒಂದು ಪಟ್ಟಿಯಿಂದ ಕನಿಷ್ಠ ಆರು ಇರಬೇಕು. ಆರು ತಿಂಗಳಾದರೂ ಇದ್ದಿರಬೇಕು. ಹನ್ನೆರಡು ವರ್ಷದೊಳಗೆ ಶುರುವಾಗಿರಬೇಕು. ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಮಗುವಿನ ಬದುಕಿಗೆ ಅದರಿಂದ ನಿಜವಾಗಿ ತೊಂದರೆ ಆಗುತ್ತಿರಬೇಕು. ಬೇರೆ ಯಾವುದೂ ಇದಕ್ಕೆ ಕಾರಣವಲ್ಲ ಅಂತಲೂ ಖಚಿತವಾಗಬೇಕು. ಮಿಸ್ಸು ನೋಡಿರುವುದು ಒಂದೇ ಜಾಗ, ಅದೂ ಇಂಗ್ಲಿಷ್ ನಡೆಯುವ ಜಾಗ. ಅರ್ಥವಾಗದ ಮಾತನ್ನು ನಲವತ್ತು ನಿಮಿಷ ಕೇಳಿಸಿಕೊಂಡು ಕೂರುವುದು ದೊಡ್ಡವರಿಗೂ ಕಷ್ಟ, ಅಲ್ವಾ?

ಈ ವಾರ ನೀವು ಒಂದು ಕೆಲಸ ಮಾಡಿ. ಅವನ ದಾದಿ (ಅಜ್ಜಿ) ಉರ್ದುವಿನಲ್ಲಿ ಕಥೆ ಹೇಳಿದರೆ ಎಷ್ಟು ಹೊತ್ತು ಕೂರುತ್ತಾನೆ ನೋಡಿ. ಸಂಜೆ ಅರಬ್ಬಿ ಓದಲು ಹೋಗುತ್ತಿದ್ದರೆ ಅಲ್ಲಿಯ ಹಜ್ರತ್‌ರನ್ನು ಕೇಳಿ. ಅವರು ಹತ್ತಾರು ಮಕ್ಕಳನ್ನು ನೋಡಿದವರು, ಅವರ ಮಾತಿಗೆ ನನ್ನ ಲೆಕ್ಕದಲ್ಲಿ ಮಿಸ್ಸಿನ ಫಾರ್ಮ್‌ನಷ್ಟೇ ಬೆಲೆ ಇದೆ. ಅಲ್ಲಿಯೂ, ಮನೆಯಲ್ಲೂ, ಓಣಿಯ ಆಟದಲ್ಲೂ ಇದೇ ದೂರು ಬಂದರೆ ಮನೆಯವರ ಮಾತು ಕೇಳಿ ಸುಮ್ಮನಿರಬೇಡಿ, ಕರೆದುಕೊಂಡು ಬನ್ನಿ. ಶಾಲೆಯಲ್ಲಿ ಮಾತ್ರ ಅಂದರೆ ಮೊದಲು ಭಾಷೆಯ ಕಡೆ, ಕಿವಿ ಕಣ್ಣಿನ ಕಡೆ ನೋಡೋಣ. ಹುಡುಗ ಆರು ದಾಟಿ ಇನ್ನಷ್ಟು ತಿಂಗಳು ಬೆಳೆಯಲಿ, ಮತ್ತೆ ಅಳೆಯೋಣ.

ಮಿಸ್ಸನ್ನು ಬೈಯಬೇಡಿ. ನೋಡುವವರ ಕಣ್ಣು ಬೇರೆಯಾದರೆ ಅಂಕವೂ ಬೇರೆಯಾಗುತ್ತದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ, ಇಂಡೋನೇಷ್ಯಾ, ಜಪಾನ್, ಅಮೆರಿಕದ ತಜ್ಞರಿಗೆ ಅದೇ ಹುಡುಗರ ಅದೇ ವಿಡಿಯೊ ತೋರಿಸಿದರು. ಚೀನಾ, ಇಂಡೋನೇಷ್ಯಾದವರು ಕೊಟ್ಟ ಅಂಕ ಉಳಿದವರಿಗಿಂತ ಸ್ಪಷ್ಟವಾಗಿ ಜಾಸ್ತಿ ಇತ್ತು. ಹುಡುಗರು ಬದಲಾಗಿರಲಿಲ್ಲ. ತರಬೇತಿ ಪಡೆದ ತಜ್ಞರಲ್ಲೇ ಹೀಗಾದರೆ, ದೊಡ್ಡ ಕ್ಲಾಸನ್ನು ಒಬ್ಬರೇ ಸಂಭಾಳಿಸುವ ಮಿಸ್ಸಿನ ಮೇಲೆ ಇಷ್ಟು ಭಾರ ಹೊರಿಸುವುದು ಸರಿಯಲ್ಲ.

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಒಂದು ತಾಂಡಾದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕ. ನಾಲ್ಕನೇ ತರಗತಿಯ ಒಬ್ಬ ಹುಡುಗ ದೀಪಾವಳಿ ಆದಮೇಲೆ ತಂದೆ ತಾಯಿ ಜೊತೆ ಕಬ್ಬು ಕಡಿಯಲು ಗುಳೆ ಹೋಗುತ್ತಾನೆ, ಯುಗಾದಿ ಹೊತ್ತಿಗೆ ಬರುತ್ತಾನೆ. ಕೂರುವುದಿಲ್ಲ, ಪಕ್ಕದವರನ್ನು ಕೆಣಕುತ್ತಾನೆ, ಪುಸ್ತಕ ಕಳೆಯುತ್ತಾನೆ. ತರಬೇತಿಯಲ್ಲಿ ಎಡಿಎಚ್‌ಡಿ ಬಗ್ಗೆ ಕೇಳಿದ್ದೆ. ಇವನಿಗೆ ಅದು ಇದೆಯೋ, ಗುಳೆಯಿಂದ ಹೀಗಾಗಿದ್ದಾನೋ? ಸಹೋದ್ಯೋಗಿಗಳು ‘ತಾಂಡಾ ಹುಡುಗರು ಹಂಗೇ ಬಿಡ್ರಿ’ ಅನ್ನುತ್ತಾರೆ.

ಉತ್ತರ: ಸರ್, ಆ ಮಾತನ್ನು ನೀವು ಒಪ್ಪದೆ ಪತ್ರ ಬರೆದಿದ್ದಕ್ಕೆ ಧನ್ಯವಾದ. ಒಂದು ಸಮುದಾಯದ ಮಕ್ಕಳೆಲ್ಲ ‘ಹಂಗೇ’ ಅಂದುಬಿಟ್ಟರೆ ನಿಜವಾಗಿ ತೊಂದರೆ ಇರುವ ಮಗು ಅದರಲ್ಲೇ ಮುಚ್ಚಿಹೋಗುತ್ತದೆ. ಅಮೆರಿಕದಲ್ಲೂ ಹೀಗೆ ಆಗಿದೆ. ಅಲ್ಲಿನ ಕಪ್ಪು ಮಕ್ಕಳಲ್ಲಿ ಬಿಳಿ ಮಕ್ಕಳಷ್ಟೇ ಲಕ್ಷಣ ಇದ್ದರೂ ಎಡಿಎಚ್‌ಡಿ ಅಂತ ಗುರುತಿಸಿದ್ದು ಕಡಿಮೆ ಎಂದು ಅಧ್ಯಯನಗಳು ಹೇಳಿವೆ. ಗುರುತಿಸದ ಮಗುವಿಗೆ ಸಿಗುವುದು ಏಟು, ಬೈಗುಳ, ಕೊನೆಗೆ ಶಾಲೆ ಬಿಡುವುದು.

ಗುಳೆ, ಎಡಿಎಚ್‌ಡಿ ಎರಡರಲ್ಲಿ ಒಂದೇ ಇರಬೇಕೆಂದಿಲ್ಲ. ಗುಳೆ ಹೋಗುವ ಮಗುವಿಗೆ ಎಡಿಎಚ್‌ಡಿಯೂ ಇರಬಹುದು. ಬಿಡಿಸಿ ನೋಡಲು ನಾನು ಹಿಡಿಯುವ ಮೊದಲ ಎಳೆ ಕಾಲ. ಗುಳೆ ಹೋಗುವ ಮೊದಲು, ಅಂಗನವಾಡಿಯಲ್ಲಿ ಇವನು ಹೇಗಿದ್ದ? ಅಂಗನವಾಡಿ ಟೀಚರ್ ಅದೇ ತಾಂಡಾದವರಾಗಿದ್ದರೆ ಅವರಿಗೆ ನೆನಪಿರುತ್ತದೆ. ಮೂರು ವರ್ಷದಿಂದಲೂ ಹೀಗೇ ಅಂದರೆ ಒಂದು ದಾರಿ. ಮೊದಲು ಸರಿಯಿದ್ದ, ಹೋದ ವರ್ಷ ಬಂದಾಗಿನಿಂದ ಹೀಗೆ ಅಂದರೆ ಇನ್ನೊಂದು ದಾರಿ. ಆಗ ಅಲ್ಲಿ ಏನಾಯಿತು ಅಂತ ಮೆಲ್ಲಗೆ ಕೇಳಬೇಕು. ಅಪಘಾತ ನೋಡಿದ್ದಾನಾ, ಯಾರಾದರೂ ಹೊಡೆಯುತ್ತಿದ್ದರಾ, ರಾತ್ರಿ ಬೆಚ್ಚಿ ಏಳುತ್ತಾನಾ? ಹೆದರಿದ ಮಗು ಬಾಗಿಲ ಕಡೆ, ಕಿಟಕಿ ಕಡೆ ನೋಡುತ್ತಲೇ ಇರುತ್ತದೆ. ನೋಡುವವರಿಗೆ ಗಮನವಿಲ್ಲ ಅಂತ ಕಾಣುತ್ತದೆ.

ಎರಡನೆಯದು ಹೋಲಿಕೆ. ವರ್ಷಪೂರ್ತಿ ಶಾಲೆಗೆ ಬರುವ ಮಗುವಿನ ಜೊತೆ ಇವನನ್ನು ಇಟ್ಟು ನೋಡಬೇಡಿ. ಅದೇ ತಾಂಡಾದಿಂದ ಅದೇ ಗ್ಯಾಂಗಿನಲ್ಲಿ ಹೋಗಿ ಬರುವ, ಇದೇ ವಯಸ್ಸಿನ ಬೇರೆ ಮಕ್ಕಳು ಇದ್ದಾರಲ್ಲ, ಅವರು ಬಂದು ಒಂದೆರಡು ತಿಂಗಳಿಗೆ ಹೊಂದಿಕೊಂಡರಾ? ಇವನೊಬ್ಬನೇ ಹೊಂದಿಕೊಳ್ಳಲಿಲ್ಲವಾ? ನಿಮ್ಮ ಈ ಒಂದು ಗಮನಿಕೆ ನನಗೆ ಯಾವ ಫಾರ್ಮ್‌ಗಿಂತ ದೊಡ್ಡದು. ನಾಲ್ಕೈದು ತಿಂಗಳ ಪಾಠ ತಪ್ಪಿದವನು ಗಣಿತದಲ್ಲಿ ಚಡಪಡಿಸುವುದು ಸಹಜ. ಅದಕ್ಕೆ ಅವನಿಗೆ ಚೆನ್ನಾಗಿ ಬರುವ ಕೆಲಸದಲ್ಲಿ ನೋಡಿ. ಮೇಕೆ ಕಾಯಲು ಹೋದರೆ ಮೇಕೆ ಬಿಟ್ಟು ಆಡಲು ಹೋಗುತ್ತಾನಾ? ಅಂಗಡಿಯಿಂದ ಮೂರು ಸಾಮಾನು ತಾ ಅಂದರೆ ಒಂದು ತಂದು ಎರಡು ಮರೆಯುತ್ತಾನಾ, ಅದೂ ದಿನಾಲು? ಹೋಂವರ್ಕ್ ಮುಗಿಸುತ್ತಾನಾ ಅಂತ ಫಾರ್ಮ್ ಕೇಳುತ್ತದೆ. ಹೋಂವರ್ಕ್ ಮಾಡಿಸುವವರೇ ಇಲ್ಲದ ಮನೆಯಲ್ಲಿ ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಆರು ತಿಂಗಳ ಲೆಕ್ಕಕ್ಕೆ ಗುಳೆಯ ದಿನಗಳೂ ಸೇರಬೇಕು. ಅವರು ಅಲ್ಲಿದ್ದಾಗಲೇ ತಂದೆಗೆ ಫೋನ್ ಮಾಡಿ, ಕಬ್ಬಿನ ಗದ್ದೆಯಲ್ಲಿ, ಗುಡಿಸಲಿನಲ್ಲಿ ಹೇಗಿರುತ್ತಾನೆ ಕೇಳಿ ಬರೆದಿಡಿ.

ಮೂರನೆಯದು ದೇಹ. ಕಿವಿ ಸೋರುತ್ತಿದೆಯಾ? ಹಿಂದಿನಿಂದ ಕರೆದರೆ ತಿರುಗುತ್ತಾನಾ? ಬೋರ್ಡ್ ಕಾಣುತ್ತದಾ? ಪಾಠದ ಮಧ್ಯೆ ಕೆಲವು ಸೆಕೆಂಡು ನಿಂತಲ್ಲೇ ಶೂನ್ಯ ನೋಡಿ, ಮತ್ತೆ ಏನೂ ಆಗದವನಂತೆ ಮುಂದುವರಿಯುತ್ತಾನಾ? ಅದು ಒಂದು ಬಗೆಯ ಫಿಟ್ಸ್ ಇರಬಹುದು. ಬೆಳಿಗ್ಗೆ ಏನು ತಿಂದು ಬರುತ್ತಾನೆ, ಎಷ್ಟು ಗಂಟೆ ಮಲಗುತ್ತಾನೆ? ರಕ್ತ ಕಡಿಮೆ ಇದ್ದರೂ ಮಗು ಕಿರಿಕಿರಿ ಮಾಡುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (ಎನ್‌ಎಫ್‌ಎಚ್‌ಎಸ್-5) ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ರಕ್ತಹೀನತೆ ಕಂಡಿದೆ. ಇವನು ಆ ವಯಸ್ಸು ದಾಟಿದ್ದರೂ ಎಚ್‌ಬಿ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಭಾಷೆಯ ಬಗ್ಗೆ ಒಂದು ಬೇಡಿಕೆ. ಪರೀಕ್ಷೆಗೆ ಬರುವಾಗ ಲಂಬಾಣಿ ಬರುವ ಒಬ್ಬ ದೊಡ್ಡವರನ್ನು ಜೊತೆಗೆ ಕಳಿಸಿ. ಆಶಾ ಕಾರ್ಯಕರ್ತೆ ಆದರೂ ಸರಿ. ಅಕ್ಕನನ್ನೋ ಅಣ್ಣನನ್ನೋ ಮಧ್ಯೆ ನಿಲ್ಲಿಸಿ ಕೇಳಿದರೆ ಮಗು ಎಲ್ಲ ಹೇಳುವುದಿಲ್ಲ, ಅವರೂ ಎಲ್ಲ ತಿಳಿಸುವುದಿಲ್ಲ. ಬುದ್ಧಿ ಅಳೆಯುವ ಪರೀಕ್ಷೆಯಲ್ಲೂ ಅಷ್ಟೇ. ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಧಾರವಾಡ ಕಡೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಅಂತ ಇವತ್ತಿಗೂ ಬಳಕೆಯಲ್ಲಿದೆ. ದೊಡ್ಡ ಕೆಲಸ ಅದು. ಆದರೆ ಲಂಬಾಣಿ ಮಾತಾಡುವ ಮಗುವಿಗೆ ಕನ್ನಡದ ಪ್ರಶ್ನೆ ಕೇಳಿ ಬಂದ ಅಂಕವನ್ನು ನಾನು ನಂಬುವುದಿಲ್ಲ. ಹತ್ತು ಆಕಾರದ ಮರದ ತುಂಡುಗಳನ್ನು ಅದರದರ ಗುಂಡಿಯಲ್ಲಿ ಕೂರಿಸುವ ಸೆಗ್ವಿನ್ ಹಲಗೆಯಂಥ, ಮಾತು ಬೇಡದ ಪರೀಕ್ಷೆಗಳನ್ನೂ ಜೊತೆಗೆ ಮಾಡಬೇಕು. ಅದಾದ ಮೇಲೆ ನಾನು ಹುಣಸೆ ಬೀಜ ತೆಗೆದು ಚೌಕಾಬಾರ ಆಡಲು ಕೂರಿಸುತ್ತೇನೆ. ತನ್ನ ಸರದಿ ಬರುವವರೆಗೆ ಕಾಯುತ್ತಾನಾ, ನಿಯಮ ಗೊತ್ತಿದ್ದೂ ಕೈ ಮುಂದೆ ಹೋಗಿಬಿಡುತ್ತದಾ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ನಿಮ್ಮ ಶಾಲೆಗೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ತಂಡ ವರ್ಷಕ್ಕೊಮ್ಮೆ ಬರುತ್ತದಲ್ಲ, ಇವನನ್ನು ತೋರಿಸಿ. ಆ ಯೋಜನೆಯ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಚೀಟಿಯಲ್ಲಿ ‘ತುಂಬಾ ಗಲಾಟೆ’ ಅಂತ ಬರೆಯಬೇಡಿ. ಯಾವ ದಿನ, ಯಾವ ಪಾಠ, ಏನು ಮಾಡಿದ, ಎಷ್ಟು ಹೊತ್ತು ಅಂತ ಬರೆಯಿರಿ. ಅಲ್ಲಿಯವರೆಗೆ ಮುಂದಿನ ಸಾಲಿನಲ್ಲಿ ಕೂರಿಸಿ, ಕೆಲಸವನ್ನು ತುಂಡು ತುಂಡಾಗಿ ಕೊಡಿ, ಚಾಕ್‌ಪೀಸ್ ತರಲು ಎಬ್ಬಿಸಿ ಓಡಾಡಿಸಿ. ಇದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ನಾಲ್ಕು ವರ್ಷದವನಿದ್ದಾಗ ಆಟಿಸಂ (ಮಾತಾಡುವುದು, ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಅಂದರು. ಈಗ ಒಂದು ಕಡೆ ನಿಲ್ಲುವುದಿಲ್ಲ, ರಸ್ತೆಗೆ ಓಡುತ್ತಾನೆ. ಎಡಿಎಚ್‌ಡಿ ಇರಬಹುದಾ ಅಂದರೆ ಒಬ್ಬ ವೈದ್ಯರು, ಆಟಿಸಂ ಇದ್ದವರಿಗೆ ಎಡಿಎಚ್‌ಡಿ ಅನ್ನುವ ಹಾಗಿಲ್ಲ ಎಂದರು. ನಿಜವಾ?
ಒಬ್ಬ ತಂದೆ, ಶಕ್ತಿನಗರ, ರಾಯಚೂರು

ಉತ್ತರ: ಹಿಂದೆ ಆ ನಿಯಮ ಇತ್ತು, ಈಗಿಲ್ಲ. ಮನಸ್ಸಿನ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿ ಎರಡನ್ನೂ ಒಟ್ಟಿಗೆ ಗುರುತಿಸಲು ಅವಕಾಶ ಕೊಟ್ಟಿತು. ಆಟಿಸಂ ಇರುವ ಸಾಕಷ್ಟು ಮಕ್ಕಳಲ್ಲಿ ಎಡಿಎಚ್‌ಡಿಯೂ ಇರುತ್ತದೆ. ಹಳೆಯ ನಿಯಮ ಇನ್ನೂ ಕೆಲವರ ಬಾಯಲ್ಲಿ ಉಳಿದಿರುವುದರಿಂದ ಮಕ್ಕಳಿಗೆ ಸಿಗಬೇಕಾದ ಸಹಾಯ ತಪ್ಪುತ್ತಿದೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಆದರೆ ಅಳೆಯುವಾಗ ಎಚ್ಚರ ಬೇಕು. ‘ಕರೆದರೆ ಕೇಳಿಸಿಕೊಳ್ಳುವುದಿಲ್ಲ’, ‘ಸರದಿ ಕಾಯುವುದಿಲ್ಲ’ ಅನ್ನುವ ಸಾಲುಗಳಿಗೆ ಆಟಿಸಂ ಒಂದರಿಂದಲೇ ಅಂಕ ಬಿದ್ದುಬಿಡುತ್ತದೆ. ಅದಕ್ಕೆ ಪ್ರತಿ ಸಾಲಿಗೂ ‘ಯಾಕೆ’ ಅಂತ ಕೇಳಬೇಕು. ಕ್ಲಾಸಿನಿಂದ ಎದ್ದು ಓಡಿದ್ದು ಬೆಲ್ಲಿನ ಸದ್ದು ತಡೆಯಲಾರದೆಯೋ? ದಿನದ ಕ್ರಮ ತಪ್ಪಿತು ಅಂತಲೋ? ಇಲ್ಲ, ಎಲ್ಲ ಹಿತವಾಗಿದ್ದಾಗಲೂ ಕಾಲು ನಿಲ್ಲುವುದಿಲ್ಲವೋ? ಕೈ ಬೀಸುವುದು, ಸುತ್ತುವುದು ಅವನಿಗೆ ಸಮಾಧಾನ ಕೊಡುವ ಚಲನೆ ಆಗಿರಬಹುದು, ಅದನ್ನು ಅತಿ ಚಟುವಟಿಕೆಯ ಲೆಕ್ಕಕ್ಕೆ ಹಾಕಬೇಡಿ. ಅವನಿಗೆ ಇಷ್ಟವಾದ ಆಟದಲ್ಲೂ ಮಧ್ಯದಲ್ಲೇ ಬಿಟ್ಟು ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರುತ್ತಾನಾ? ಯೋಚಿಸದೆ ರಸ್ತೆಗೆ ನುಗ್ಗುತ್ತಾನಾ, ಅಥವಾ ಅಲ್ಲಿ ನಿಂತ ಟ್ರಾಕ್ಟರ್ ಚಕ್ರ ಮುಟ್ಟಲೇಬೇಕು ಅಂತ ಗುರಿ ಇಟ್ಟು ಹೋಗುತ್ತಾನಾ? ಮೊದಲನೆಯದು ಎಡಿಎಚ್‌ಡಿ ಕಡೆ, ಎರಡನೆಯದು ಆಟಿಸಂ ಕಡೆ ಬೆರಳು ತೋರಿಸುತ್ತದೆ.

ಅವನ ಬೆಳವಣಿಗೆ ಐದು ವರ್ಷದ ಮಗುವಿನಷ್ಟಿದ್ದರೆ ಹೋಲಿಕೆಯೂ ಐದು ವರ್ಷದ ಮಗುವಿನ ಜೊತೆಗೇ ಆಗಬೇಕು. ಕಿವಿ ಪರೀಕ್ಷೆ ಹಿಂದೆ ಆಗದಿದ್ದರೆ ಈಗ ಮಾಡಿಸಿ. ನಮ್ಮ ಕಡೆ ಸೋದರಮಾವನ, ಅತ್ತೆ ಮಗನ ಮದುವೆಗಳು ಜಾಸ್ತಿ, ಹುಟ್ಟಿನಿಂದ ಬರುವ ಕಿವುಡುತನವೂ ಅಂಥ ಮನೆಗಳಲ್ಲಿ ಜಾಸ್ತಿ. ಆಟಿಸಂ ಅಂತ ಒಂದು ಹೆಸರು ಸಿಕ್ಕ ಮೇಲೆ ಕಿವಿಯನ್ನು ಯಾರೂ ನೋಡುವುದಿಲ್ಲ. ಎಡಿಎಚ್‌ಡಿ ಇದೆ ಅಂತಾದರೆ ಔಷಧಿಯೂ ಒಂದು ದಾರಿ. ಆದರೆ ಆಟಿಸಂ ಇರುವ ಮಕ್ಕಳಲ್ಲಿ ಅದರ ಪ್ರಯೋಜನ ಸ್ವಲ್ಪ ಕಡಿಮೆ, ಅಡ್ಡಪರಿಣಾಮ ಸ್ವಲ್ಪ ಜಾಸ್ತಿ. ಸಣ್ಣ ಪ್ರಮಾಣದಿಂದ ಶುರು ಮಾಡಿ ಹತ್ತಿರದಿಂದ ನೋಡುವ ವೈದ್ಯರು ಬೇಕು.

ಪ್ರಶ್ನೆ: ಡಾಕ್ಟರಮ್ಮ, ನಾವು ಸಿಂಧನೂರಿನ ಆರ್.ಎಚ್. ಕ್ಯಾಂಪಿನವರು, ಮನೆಯಲ್ಲಿ ಬಂಗಾಳಿ. ನನ್ನ ತಂಗಿಗೆ ಹದಿಮೂರು. ಗಲಾಟೆ ಇಲ್ಲ, ಆದರೆ ಎಲ್ಲ ಮರೆಯುತ್ತಾಳೆ, ಪುಸ್ತಕ ಮುಂದೆ ಇಟ್ಟುಕೊಂಡು ಎಲ್ಲೋ ನೋಡುತ್ತಾಳೆ. ಮನೆಯಲ್ಲಿ ‘ಮಂಕು’ ಅನ್ನುತ್ತಾರೆ. ಹುಡುಗಿಯರಿಗೂ ಎಡಿಎಚ್‌ಡಿ ಬರುತ್ತದಾ?

ಉತ್ತರ: ಬರುತ್ತದೆ ತಂಗಿ. ಓಡಾಟವಿಲ್ಲದೆ ಬರೀ ಗಮನ ಜಾರುವ ಬಗೆ ಹುಡುಗಿಯರಲ್ಲಿ ಜಾಸ್ತಿ ಕಾಣುತ್ತದೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಹನ್ನೆರಡರ ಮೊದಲೂ ಹೀಗಿದ್ದಳಾ ಅನ್ನುವುದಕ್ಕೆ ಹಳೆಯ ಮಾರ್ಕ್ಸ್ ಕಾರ್ಡು, ನೋಟ್‌ಬುಕ್ ಹುಡುಕು. ಬಿಟ್ಟುಹೋದ ಉತ್ತರಗಳು, ಅರ್ಧಕ್ಕೆ ನಿಂತ ಸಾಲುಗಳು, ಟೀಚರು ಕೆಂಪಿನಲ್ಲಿ ಬರೆದ ಮಾತು, ಎಲ್ಲ ನಮಗೆ ಸಾಕ್ಷಿ. ಇತ್ತೀಚೆಗೆ ಶುರುವಾಗಿದ್ದರೆ ಥೈರಾಯ್ಡ್, ಎಚ್‌ಬಿ, ನಿದ್ದೆ, ಮನಸ್ಸಿನ ಬೇಸರ ಮೊದಲು ನೋಡಬೇಕು. ಓದುವಾಗ ಮಾತ್ರ ಹೀಗಾದರೆ ಕಲಿಕೆಯ ತೊಂದರೆಯ ಪರೀಕ್ಷೆಯೂ ಬೇಕು. ಅವಳ ಜೊತೆ ಬಂಗಾಳಿಯಲ್ಲಿ ಮಾತಾಡುವ ನೀನೇ ಜೊತೆಗೆ ಬಾ, ಆದರೆ ಸ್ವಲ್ಪ ಹೊತ್ತು ಅವಳೊಬ್ಬಳನ್ನೇ ನನ್ನ ಹತ್ತಿರ ಬಿಡು. ‘ಮಂಕು’ ಅನ್ನುವುದನ್ನು ಇವತ್ತೇ ನಿಲ್ಲಿಸಲು ಅಮ್ಮನಿಗೆ ಹೇಳು.

ಪ್ರಶ್ನೆ: ತಲೆ ಸ್ಕ್ಯಾನ್ ಮಾಡಿಸಿದರೆ ಎಡಿಎಚ್‌ಡಿ ಗೊತ್ತಾಗುತ್ತದಾ? (ಸಿರುಗುಪ್ಪ)

ಉತ್ತರ: ಇಲ್ಲ. ಸ್ಕ್ಯಾನ್, ರಕ್ತ ಪರೀಕ್ಷೆ ಯಾವುದರಲ್ಲೂ ಗೊತ್ತಾಗುವುದಿಲ್ಲ. ಬೇರೆ ಕಾಯಿಲೆಯ ಅನುಮಾನ ಇದ್ದರೆ ಮಾತ್ರ ಅವು ಬೇಕು. ಸುಮ್ನೆ ದುಡ್ಡು ಕಳೆಯಬೇಡಿ.

ಪ್ರಶ್ನೆ: ನಾವು ದೇವದುರ್ಗದ ಹಳ್ಳಿಯವರು. ಬೆಂಗಳೂರಿಗೆ ಹೋಗುವ ಶಕ್ತಿ ಇಲ್ಲ. ಎಲ್ಲಿ ತೋರಿಸುವುದು?

ಉತ್ತರ: ಮೊದಲಿಗೇ ಬೆಂಗಳೂರು ಬೇಕಾಗಿಲ್ಲ. ಹಳ್ಳಿಯ ಹತ್ತಿರವೇ ಮನಸ್ಸಿನ ಚಿಕಿತ್ಸೆ ಸಿಗಬಹುದು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮ ಸೀಮೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಈ ಕೆಲಸ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ಬುನಾದಿ. ನೀವು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಮನೋರೋಗ ವಿಭಾಗ ಎರಡರಲ್ಲೂ ಕೇಳಿ. ಆರ್‌ಬಿಎಸ್‌ಕೆ ಯೋಜನೆಯಲ್ಲಿ ಜಿಲ್ಲಾ ಮಟ್ಟಕ್ಕೆ ಡಿಇಐಸಿ ಅನ್ನುವ ಮಕ್ಕಳ ಕೇಂದ್ರ ಇರುತ್ತದೆ, ಅದನ್ನು ಹೆಸರು ಹೇಳಿಯೇ ಕೇಳಿ. ಇನ್ನೂ ಹೆಚ್ಚಿನ ಪರೀಕ್ಷೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೊರಡುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ತಾಯಿ ಕಾರ್ಡು, ಶಾಲೆಯ ಚೀಲ ಇದ್ದ ಹಾಗೇ, ಟೀಚರ ಚೀಟಿ, ಹಳೆಯ ಔಷಧಿ ಚೀಟಿ ತೆಗೆದುಕೊಂಡು ಹೋಗಿ. ಮಗುವನ್ನು ದಿನವೂ ನೋಡಿಕೊಳ್ಳುವವರು ಅಜ್ಜಿಯಾದರೆ ಅಜ್ಜಿಯನ್ನೇ ಕರೆದುಕೊಂಡು ಹೋಗಿ. ಹೊಸ ಜಾಗದಲ್ಲಿ ಮಗು ಮೊದಲ ದಿನ ತಣ್ಣಗೆ ಕೂತುಬಿಡಬಹುದು. ಅದನ್ನು ನೋಡಿ ‘ಏನೂ ಇಲ್ಲ’ ಅಂದರೆ ಮನೆಯ, ಶಾಲೆಯ ಚೀಟಿ ತೋರಿಸಿ ಇನ್ನೊಮ್ಮೆ ನೋಡಲು ಕೇಳಿ. ಬೆಳಗಿನ ಬಸ್ಸಿಗೆ ಹೊರಡುವವರು ಮಗುವಿಗೆ ಬುತ್ತಿ ಕಟ್ಟಿಕೊಳ್ಳಿ. ಹಸಿದು, ನಿದ್ದೆಗೆಟ್ಟು ಬಂದ ಮಗುವಿನ ಗಮನವನ್ನು ಆ ದಿನ ಅಳೆಯಲು ಆಗುವುದಿಲ್ಲ.